ಒಂದು ಗೀಟು ಹೆಚ್ಚು

ಪ್ಲೊವ್ದಿವ್‌ ಊರಿನಲ್ಲಿ, ತನ್ನ ಹೆಸರಿನ ಸಂತನ ದಿನ ಆಚರಿಸುವ ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬರುವವರು ತಾವಾಗಿ ಬರುತ್ತಾರೆ. ಸಂತ ತ್ರಿಫೋನನ ದಿನ, ಅದೇ ಹೆಸರಿನ ತ್ರಿಫೋನನ ಮನೆಗೂ ಸಂಜೆ ಜನ ಬರುವವರಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದೂ ಬರಲಿತ್ತು. ಅವರ ಮದುವೆಯ ವಿಡಿಯೋವನ್ನು ಕತ್ತರಿಸಿ ಜೋಡಿಸಿದವಳು ತ್ರಿಫೋನನ ಹೆಂಡತಿ ಜೋರ್ನಿತ್ಸಾ. ಅವಳಿಗೆ ಸಿಕ್ಕ ಮೊದಲ ಕೆಲಸ ಅದು. ಆದರೆ ಮನೆಯ ಅಗ್ಗದ ಕಂಪ್ಯೂಟರಿನಲ್ಲಿ ವಿಡಿಯೋ ಕುಂಟುತ್ತಿತ್ತು. ಮದುಮಗಳ ದನಿ ಮೊದಲು ‘ಒಪ್ಪಿದೆ’ ಎನ್ನುತ್ತಿತ್ತು, ತುಟಿ ಆಮೇಲೆ ಅಲ್ಲಾಡುತ್ತಿತ್ತು.

“ನೆಂಟರ ಮುಂದೆ ಇವತ್ತೂ ಹೀಗೇ ಆಡಿದ್ರೆ ಸೋಮವಾರ ಈ ಡಬ್ಬಾ ಮಾರಿಬಿಡ್ತೀನಿ, ನೋಡ್ತಿರು,” ಎಂದು ತ್ರಿಫೋನ್ ವೈನ್ ತರಲು ಹೋದ. ಡಬ್ಬಾ ಹೋದರೆ ಕೆಲಸವೂ ಹೋಯಿತು, ಮತ್ತೆ ಅಂಗಡಿಯ ಗಲ್ಲಾದ ಹಿಂದೆ ನಿಲ್ಲುವುದೇ. ಜೋರ್ನಿತ್ಸಾಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಕೆಳಮನೆಯಲ್ಲಿ ಟಿವಿ ರಿಪೇರಿ ಮಾಡುವ ಪ್ಲಾಮೆನ್ ಬೆಳಿಗ್ಗೆ ಒಂದು ಉಪಾಯ ಹೇಳಿದ್ದ. “ಅಗ್ಗದ ಪ್ರೊಸೆಸರ್ರೂ ದುಬಾರಿದ್ದೂ ಒಂದೇ ತಾಯಿ ಮಕ್ಕಳಮ್ಮಾ. ಇದನ್ನ ನಿಧಾನಕ್ಕೆ ಓಡು ಅಂತ ಕಟ್ಟಿಹಾಕಿರ್ತಾರೆ ಅಷ್ಟೇ. ವೋಲ್ಟೇಜ್ ಸ್ವಲ್ಪ ಏರಿಸಿ ಸೆಟ್ಟಿಂಗಲ್ಲಿ ವೇಗ ಹೆಚ್ಚಿಸಿದ್ರೆ ಜೋರಾಗಿ ಓಡುತ್ತೆ. ಇಗೋ, ಬೋರ್ಡಿನ ಮೇಲೆ ಎಳ್ಳಿನಷ್ಟು ರೆಸಿಸ್ಟರ್ ಇದೆಯಲ್ಲ, ಅದರ ಮೇಲೆ ಪೆನ್ಸಿಲಲ್ಲಿ ಗೀಚು. ಪೆನ್ಸಿಲಿನ ಕರಿಯಲ್ಲಿ ಕರೆಂಟ್ ಹರಿಯುತ್ತೆ, ವೋಲ್ಟೇಜ್ ಏರುತ್ತೆ. ಅಳಿಸಿದ್ರೆ ಇಳಿಯುತ್ತೆ.” ತನ್ನ ಮೀಟರಿನ ಗಾಜಿಗೆ ಕೆಂಪು ಗುರುತು ಹಾಕಿ ಕೊಟ್ಟಿದ್ದ. “ಮುಳ್ಳು ಇದನ್ನ ದಾಟಿತೋ, ಪ್ರೊಸೆಸರ್ ಮೇಲೆ ಮೊಟ್ಟೆ ಹುರ್ಕೋ.”

ಪೆನ್ಸಿಲಿನಿಂದ ಗೀಚಿದರೆ ವೋಲ್ಟೇಜ್ ಏರುತ್ತದೆಯೇ? ನೋಡದೆ ಇರಲು ಅವಳಿಂದ ಆಗಲಿಲ್ಲ. ಕೈಗೆ ಸಿಕ್ಕಿದ್ದು ತನ್ನ ಹುಬ್ಬಿನ ಪೆನ್ಸಿಲ್. ಪ್ಲಗ್ ಕಿತ್ತು ಗೀಚಿ, ಮತ್ತೆ ಹಾಕಿ ಅಳೆದಳು. ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

“ಅದು ಬರೀ ಮೇಣ ಕಣೇ. ಕಂಪ್ಯೂಟರಿಗೆ ಹುಬ್ಬು ತೀಡ್ತಿದ್ದೀಯಾ?” ಅಡುಗೆಮನೆಯ ಬಾಗಿಲಲ್ಲಿ ಅತ್ತೆ ವೆಲಿಕಾ ನಗುತ್ತಿದ್ದರು. ಹಿಂದೆ ಫೋಟೋ ಸ್ಟುಡಿಯೋದಲ್ಲಿ ಪೆನ್ಸಿಲ್ ಹಿಡಿದು ಫಿಲ್ಮ್ ಮೇಲೆ ತಿದ್ದಿ ಊರಿನ ಅರ್ಧ ಮದುಮಕ್ಕಳ ಮೊಡವೆ ಮುಚ್ಚಿದವರು ಅವರು. ಹಳೆಯ ಡಬ್ಬಿಯಿಂದ ಮೆತ್ತನೆಯ ಪೆನ್ಸಿಲ್ ತಂದು, ಪ್ಲಗ್ ಕಿತ್ತು ಮೇಣ ಒರೆಸಿ, ಉಸಿರು ಬಿಗಿಹಿಡಿದು ಒಂದು ಗೀಟು ಎಳೆದರು.

ಪ್ಲಗ್ ಹಾಕಿದಾಗ ಮುಳ್ಳು ಏರಿತು! ಇನ್ನೊಂದು ಗೀಟಿಗೆ ಇನ್ನಷ್ಟು. ಜೋರ್ನಿತ್ಸಾ ಸೆಟ್ಟಿಂಗಿನಲ್ಲಿ ವೇಗ ಏರಿಸಿ ವಿಡಿಯೋ ಹಾಕಿದಳು. ತುಟಿಯೂ ದನಿಯೂ ಒಟ್ಟಿಗೇ ‘ಒಪ್ಪಿದೆ’ ಎಂದವು. ಅತ್ತೆ ಸೊಸೆ ತಬ್ಬಿಕೊಂಡರು.

ಅಲ್ಲಿಗೇ ನಿಲ್ಲಿಸಬಹುದಿತ್ತು.

“ಇನ್ನೊಂದು ಎಳೆದ್ರೆ ಏನಾಗುತ್ತೆ?” ಎಂದರು ವೆಲಿಕಾ.

“ನಂಗೂ ಅದೇ ಅನ್ನಿಸ್ತಿದೆ ಅತ್ತೆ.”

ಎಳೆದರು. ಪ್ಲಗ್ ಹಾಕಿ ಗುಂಡಿ ಒತ್ತಿದ್ದೇ ಮುಳ್ಳು ಕೆಂಪು ಗುರುತು ದಾಟಿತು, ಬೆಳಗಿದ ಪರದೆ ಕಪ್ಪಾಯಿತು. ಮತ್ತೆ ಗುಂಡಿ ಒತ್ತಿದರೂ ಏಳಲಿಲ್ಲ. ಹೊರಗೆ ಬಾಗಿಲ ಗಂಟೆ, ನೆಂಟರ ನಗು.

“ನನ್ನ ಕೈಯಾರೆ ನಿನ್ನ ಕೆಲಸ ಸುಟ್ಟೆನಲ್ಲೇ!” ವೆಲಿಕಾ ಪೆನ್ಸಿಲ್ ಕೈಬಿಟ್ಟರು.

“ಅಳಿಸೋಣ ಅತ್ತೆ, ಬೇಗ. ರಬ್ಬರ್ ಎಲ್ಲಿ?”

“ರಬ್ಬರ್ ಮೊದಲಿನ ಎರಡು ಗೀಟನ್ನೂ ಅಳಿಸಿಬಿಡುತ್ತೆ. ತಾಳು.” ಹಬ್ಬಕ್ಕೆ ಬೇಯಿಸಿದ ದುಂಡನೆಯ ಬ್ರೆಡ್ಡನ್ನು ತಿರುವಿ, ತಳದಿಂದ ಒಂದು ಚೂರು ತಿರುಳು ಚಿವುಟಿ, ಬೆರಳಲ್ಲಿ ನಾದಿ ಉಂಡೆ ಮಾಡಿದರು. ಸ್ಟುಡಿಯೋದಲ್ಲಿ ಹೆಚ್ಚಾದ ಕಪ್ಪನ್ನು ಹಾಗೇ ಎತ್ತುತ್ತಿದ್ದರಂತೆ. ಪ್ಲಗ್ ಕಿತ್ತು, ಗೀಟಿನ ಮೇಲೆ ಒಮ್ಮೆ ಒತ್ತಿ ಎತ್ತಿದರು. ಬಿಸಿ ಆರಲೆಂದು ಜೋರ್ನಿತ್ಸಾ ತಟ್ಟೆಯಿಂದ ಗಾಳಿ ಬೀಸಿದಳು. ಪ್ಲಗ್ ಹಾಕಿ ಗುಂಡಿ ಒತ್ತಿದಳು.

ಪರದೆ ಬೆಳಗಿತು.

ನೆಂಟರ ಮುಂದೆ ವಿಡಿಯೋ ಒಂದು ಕಡೆಯೂ ನಿಲ್ಲದೆ ಓಡಿತು. ಮದುಮಗಳು ತನ್ನನ್ನೇ ನೋಡಿ ಕಣ್ಣೊರೆಸಿಕೊಂಡಳು. ತ್ರಿಫೋನ್ ಬ್ರೆಡ್ ಮುರಿಯಲು ಎತ್ತಿದವನು ತಳ ನೋಡಿ ಹುಬ್ಬು ಗಂಟಿಕ್ಕಿದ. “ಯಾರಿದು ಚಿವುಟಿದ್ದು? ಮನೇಲಿ ಇಲಿ ಸೇರಿದ್ಯಾ?”



“ಕಂಪ್ಯೂಟರ್ ತಿಂತು ಕಣೋ,” ಎಂದರು ವೆಲಿಕಾ. ಜೋರ್ನಿತ್ಸಾ ನಡೆದದ್ದನ್ನೆಲ್ಲ ಹೇಳಿಬಿಟ್ಟಳು, ಹೆಚ್ಚಾದ ಗೀಟನ್ನೂ ಮುಚ್ಚಿಡದೆ.

ತ್ರಿಫೋನ್ ಪರದೆಯನ್ನೂ ಬ್ರೆಡ್ಡನ್ನೂ ನೋಡಿದ. “ಇದು ನನ್ನ ಹಬ್ಬದ ಬ್ರೆಡ್ಡನ್ನ ನನಗಿಂತ ಮೊದ್ಲು ತಿಂದಿದೆ. ಇನ್ನು ಮಾರೋದು ಹೇಗೆ? ಮನೆಯವರನ್ನ ಯಾರಾದ್ರೂ ಮಾರ್ತಾರಾ?”

ಚಿವುಟಿದ ಕಡೆಯ ತುಂಡನ್ನು ಮುರಿದು ಹೆಂಡತಿಯ ಕೈಗಿಟ್ಟ.