ನಲವತ್ತೊಂದು ಸಂತೋಷ

ಪುಸ್ತಕ ಮೇಜಿನ ಮೇಲೆ ಬಿದ್ದ ಸದ್ದಿಗೇ ಮೇಷ್ಟ್ರಿಗೆ ಗೊತ್ತಾಯಿತು, ಇದು ಗುಂಡುಸೂಜಿ ಎಂಬ ಹುಡುಗಿಯದು — ಸದ್ದು ಕೇಳಿಯೇ ಯಾವ ಮಗುವಿನದು, ಬೆಳಗ್ಗೆ ತಮ್ಮನಿಗೆ ಗುದ್ದಿ ಬಂದಿದೆಯೋ ಗುದ್ದಿಸಿಕೊಂಡು ಬಂದಿದೆಯೋ ಹೇಳಬಲ್ಲವರು ಹದಿನಾಲ್ಕು ಲೋಕದಲ್ಲಿ ಇವರೊಬ್ಬರೇ, ನಲವತ್ತೊಂದು ಮಾತಿನ ಪುಸ್ತಕಗಳನ್ನು ಒಂದು ಲೋಟ ಚಹಾ ಆರುವುದರೊಳಗೆ ಓದಿ, ಉತ್ತರ ಬರೆದು, ಲೋಟವನ್ನೂ ತೊಳೆದಿಟ್ಟವರು, ಸಾಮಾನ್ಯವೇ — ಮಾತಿನ ಪುಸ್ತಕವೆಂದರೆ ವಾರಕ್ಕೊಂದು ಪುಟ, ಮಗು ಮನಸ್ಸಿನಲ್ಲಿದ್ದದ್ದು ಬರೆಯಬೇಕು, ಕೆಳಗೆ ಇವರು ಉತ್ತರ ಬರೆಯಬೇಕು, ಕಾಗುಣಿತ ತಿದ್ದಕೂಡದು, ಅಂಕ ಕೊಡಕೂಡದು, ಎಲ್ಲ ಇವರದೇ ಉಪಾಯ, ತುಟಿ ಬಿಚ್ಚದಿದ್ದ ಹಿಂದಿನ ಬೆಂಚಿನವನು ತನ್ನ ಕುಂಟ ನಾಯಿಯ ಬಗ್ಗೆ ನಾಲ್ಕು ಪುಟ ಬರೆಯಲಿಲ್ಲವೇ, ಅದನ್ನು ತರಗತಿಗೆ ಓದಿದ ಮೇಲೆ ಅವನಿಗೆ ಒಂಬತ್ತು ಜನ ಗೆಳೆಯರಾಗಲಿಲ್ಲವೇ, ತೊಂಬತ್ತು ಎಂದು ಹೆಡ್‌ಮಿಸ್‌ಗೆ ಹೇಳಿದರೆ ಆಕೆ, ಶಾಲೇಲಿ ಇರೋದೇ ಎಂಬತ್ತು ಮಕ್ಕಳು ಸರ್, ಅಂದಿದ್ದರು, ಹೊಟ್ಟೆಕಿಚ್ಚು, ಹೆಂಡತಿಯಂತೂ, ರೀ, ನೀವು ಓದ್ತೀರೋ ಇಲ್ಲ ಪುಟ ಸವರ್ತೀರೋ ಅಂತಾಳೆ, ಹಿತ್ತಲ ಗಿಡ ಮದ್ದಲ್ಲ, ಇನ್ನೇನು —

ಸರ್. ಗುಂಡುಸೂಜಿ ಇನ್ನೂ ನಿಂತಿದ್ದಾಳೆ, ಸಣಕಲು ಮೈ, ಚೂಪು ಮಾತು, ಹೆಸರಿಟ್ಟವರೂ ಇವರೇ. ಸರ್, ಹೋದ ವಾರ ನೀವು ಬರೆದ ಹಾಗೇ ಮಾಡಿದೆ. ಭೇಷ್, ಏನು ಬರೆದಿದ್ದೆನೋ, ಒಳ್ಳೆಯದೇ ಬರೆದಿರುತ್ತೇನೆ, ಪುಟ ತಿರುವಿದರೆ ಅವಳ ಅಕ್ಷರ, ಅಮ್ಮ ಆಸ್ಪತ್ರೆಗೆ ಹೋಗಿ ಎಂಟು ದಿನ ಆಯಿತು, ಅಪ್ಪನ ಮುಂದೆ ಅಳಬಾರದು ಎಂದು ಅಜ್ಜಿ ಹೇಳಿದ್ದಾರೆ, ಅದಕ್ಕೆ ನಿಮಗೆ ಮಾತ್ರ ಹೇಳುತ್ತಿದ್ದೇನೆ — ಅದರ ಕೆಳಗೆ ಕೆಂಪು ಶಾಯಿಯಲ್ಲಿ, ದುಂಡಗೆ, ಬಹಳ ಸಂತೋಷ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳು. ಓದಿ ಹೇಳಿದೆ ಸರ್, ಅಪ್ಪ ಅತ್ತುಬಿಟ್ರು, ಪುಸ್ತಕದ ಮೇಲೇನೇ, ನಿಮ್ಮ ಮೇಷ್ಟ್ರಿಗೆ ಸಂತೋಷ ಯಾಕಂತೆ, ಕೇಳ್ಕೊಂಡು ಬಾ ಅಂದ್ರು. ಹೌದು, ಶಾಯಿ ಹರಡಿದೆ, ಸಂತೋಷದ ಸುತ್ತ ಕೆಂಪು ಮಸಿ — ಇರಲಿ, ಈ ನಾಲಿಗೆಗೆ ಉತ್ತರಗಳ ಬರವೇ, ಅಪ್ಪ ಮಗಳು ಕೂಡಿ ಅತ್ತರೆ ಎದೆ ಹಗುರಾಗಲಿ ಎಂದೇ ಬರೆದೆ ಅಂದರಾಯಿತು, ಎಂಥ ಉತ್ತರ, ನಂಬುತ್ತಾಳೆ, ಖಂಡಿತ ನಂಬುತ್ತಾಳೆ, ಅದೇ ಕಷ್ಟ, ನಂಬಿ ಮುಂದಿನ ವಾರವೂ ಬರೆಯುತ್ತಾಳೆ, ಓದದವನಿಗೆ, ಕೆಂಪು ಹರಡಿದೆ, ಅವಳಪ್ಪ, ಅಷ್ಟು ದೊಡ್ಡ ಮನುಷ್ಯ, ಮಗುವಿನ ಪುಸ್ತಕದ ಮೇಲೆ ಬಾಗಿ —

ಓದಿರಲಿಲ್ಲ ಕಣಮ್ಮ. ಏನು ಸರ್? ಆ ವಾರ ಯಾರದ್ದೂ ಓದಲಿಲ್ಲ, ನಲವತ್ತೊಂದಕ್ಕೂ ಅದನ್ನೇ ಬರೆದೆ, ತಪ್ಪಾಯ್ತು, ನಿಮ್ಮಪ್ಪನಿಗೂ ಹಾಗೇ ಹೇಳು. ಗುಂಡುಸೂಜಿ ಪುಸ್ತಕವನ್ನು ಅವರತ್ತ ತಳ್ಳಿದಳು. ಹಾಗಾದ್ರೆ ಈಗ ಓದಿ ಸರ್. ಓದಲು ಕೂತರು, ಬೆರಳಿಟ್ಟು, ಒಂದೊಂದೇ ಅಕ್ಷರ, ಅಮ್ಮ ಆಸ್ಪತ್ರೆಗೆ, ಕೆಂಪು, ಎಂಟು ದಿನ, ಕೆಂಪು, ನಿಮಗೆ ಮಾತ್ರ, ಸಂತೋಷದ ಮೇಲೆ ಒಬ್ಬ ಅಪ್ಪನ ಕಣ್ಣೀರು ಬಿದ್ದು ಹರಡಿದ ಕೆಂಪು, ಆ ಕೆಂಪು ಬಿಟ್ಟು ಕಣ್ಣು ಕದಲಲೊಲ್ಲದು.