ಮೇಲೆ ಬಿಳಿ ರೇಷ್ಮೆ, ಕೆಳಗೆ ಬೀಡುಕಬ್ಬಿಣ

ಮನೆ ಬೆಚ್ಚಗಿಡುವ ಫರ್ನೇಸ್ ನಿಲ್ಲಿಸಿದ ಮೇಲೆ ಈ ಮನೆಯಲ್ಲಿ ಇಷ್ಟು ಮೌನವಿತ್ತೇ, ಬಿಸಿಗಾಳಿಯ ಕೊಳವೆ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿದೆ, ಹೊರಗೆ ವಿನ್ನಿಪೆಗ್ಗಿನ ಮೈನಸ್ ಇಪ್ಪತ್ತೆಂಟು, ಒಂದೇ ಗಂಟೆ ಒರೆಸ್ಟ್, ಆಮೇಲೆ ನಲ್ಲಿ ಹೆಪ್ಪುಗಟ್ಟಿದ್ರೆ ನೀನೇ ಕೂತು ಊದಿ ಕರಗಿಸು, ಅಂದಿದ್ದಾಳೆ ಹೆಂಡತಿ ದಾರ್ಕಾ — ಸಾಕು ಒಂದು ಗಂಟೆ, ಲೇತಿಗೆ ಸಿಕ್ಕಿಸಿದ ಈ ಚಕ್ರದ ತೂತನ್ನು ಕೂದಲೆಳೆಯಷ್ಟು ಹಿಗ್ಗಿಸಬೇಕು ಅಷ್ಟೆ, ಅವಳ ಹೊಲಿಗೆ ಯಂತ್ರದ ಕೈಚಕ್ರ ಮೊನ್ನೆ ಬಿರುಕುಬಿಟ್ಟು ಎರಡಾಯಿತು, ಗುಜರಿಯಲ್ಲಿ ಸಿಕ್ಕ ಈ ಚಕ್ರದ ತೂತು ಚಿಕ್ಕದು, ಶನಿವಾರ ಮಗಳು ಲೆಸ್ಯಾಳ ಮದುವೆ, ಅವಳ ಉಡುಪಿನ ಒಂದು ತೋಳು ಇನ್ನೂ ಗುಂಡುಸೂಜಿಯಲ್ಲೇ ನಿಂತಿದೆ, ನನ್ನ ತಲೆಯ ಮೇಲೆಯೇ, ಈ ನೆಲಮಾಳಿಗೆಯ ಸೂರಿನ ಹಲಗೆಗಳ ಆಚೆ. ಉಕ್ಕಾದರೆ ಸುರುಳಿ ಸುರುಳಿಯಾಗಿ ಬೀಳುತ್ತದೆ, ಗುಡಿಸಿದರೆ ಆಯಿತು, ಈ ಚಕ್ರದ ಬೀಡುಕಬ್ಬಿಣ ಹಾಗಲ್ಲ, ಹಿಟ್ಟಾಗುತ್ತದೆ, ಕಾಡಿಗೆಯಂಥ ಹಿಟ್ಟು, ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಮೂಗು ಒರೆಸಿದ ಕರವಸ್ತ್ರವೆಲ್ಲ ಕಪ್ಪು, ಅಷ್ಟು ಗೊತ್ತಿದ್ದವನೇ ಹೋದ ಚಳಿಗಾಲ ಫರ್ನೇಸ್ ಓಡುತ್ತಿರುವಾಗ ಇಲ್ಲಿ ಬೀಡಿನ ರಾಟೆಯೊಂದನ್ನು ಕಡೆದೆ, ಫರ್ನೇಸ್ ಆ ಧೂಳನ್ನು ಎಳೆದುಕೊಂಡು ಕೋಣೆಕೋಣೆಗೂ ಹಂಚಿತು, ದಾರ್ಕಾ ಮೂರು ವಾರ ಹೆಣೆದ ಮದುವಣಗಿತ್ತಿಯ ಮುಸುಕಿನ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ, ತೊಳೆದಳು, ಚುಕ್ಕೆಗಳು ತುಕ್ಕು ಹಿಡಿದು ಕಂದಾದವು. ಕೂಗಾಡಿದ್ದರೆ ಚೆನ್ನಾಗಿತ್ತು. ಮುಸುಕನ್ನು ತಂದು ಲೇತಿನ ಮೇಲೆ ಹರಡಿ, ನೀನೇ ಇಟ್ಕೋ, ಅಂದು ಹತ್ತಿಹೋದವಳು ಅಂದಿನಿಂದ ಈ ಮೆಟ್ಟಿಲು ಇಳಿದಿಲ್ಲ, ಬೇಕಾದದ್ದನ್ನು ಮೇಲಿಂದಲೇ ಕೂಗುತ್ತಾಳೆ — ಹ್ಞಾಂ, ನಿಧಾನ, ವೇಗ ಬೇಡ, ಉಳಿಯ ಪಕ್ಕಕ್ಕೇ ತಂತಿಯಲ್ಲಿ ಬಿಗಿದ ವ್ಯಾಕ್ಯೂಮಿನ ಹೀರುಕೊಳವೆ ಪುಡಿಯನ್ನು ಹುಟ್ಟಿದಲ್ಲೇ ನುಂಗುತ್ತಿದೆ, ಅದರ ಉಸಿರು ಕಿಟಕಿಯಿಂದಾಚೆ ಹಿಮಕ್ಕೆ, ಗಾಳಿಕಿಂಡಿಗಳಿಗೆಲ್ಲ ಟೇಪು, ಲೇತಿನ ಮೈಗೆ ಹಳೆ ಪತ್ರಿಕೆ, ಸುತ್ತ ಒದ್ದೆ ಚಾದರ, ಎಣ್ಣೆ ಮಾತ್ರ ಬೇಡ, ಎಣ್ಣೆ ಬಿದ್ದರೆ ಎಲ್ಲ ಕೆಸರು. ಉಡುಪನ್ನ ನಿನ್ ತಂಗಿ ಮನೇಲಿ ಇಟ್ಟು ಬರೋಣ್ವಾ ಅಂದೆ, ಬೇಡ, ಇಲ್ಲೇ ಇರ್ಲಿ, ಆಗ್ಲೇ ನೀನು ಹುಷಾರಾಗಿರೋದು, ಅಂದಳು, ಮೇಲೊಂದು ಬಟ್ಟೆಯನ್ನೂ ಮುಚ್ಚಲಿಲ್ಲ, ಅದು ಶಿಕ್ಷೆಯೋ ನಂಬಿಕೆಯೋ, ಇಡೀ ಬೆಳಗ್ಗೆ ಅದನ್ನೇ ಯೋಚಿಸುತ್ತಿದ್ದೇನೆ. ಅಳತೆಯ ಸರಳು ತೂತಿನೊಳಗೆ ಜಾರಿತು, ಅಲುಗಾಡದೆ, ಬಿಗಿಯದೆ — ಆಯಿತು. ಈಗ ಉಳಿದ ಪುಡಿ, ಬ್ರೆಡ್ಡಿನ ಚೀಲದೊಳಗೆ ಅಯಸ್ಕಾಂತ, ಚೀಲದ ಹೊರಮೈಗೆ ಮೀಸೆ ಬೆಳೆಯುತ್ತದೆ, ಚೀಲವನ್ನು ಒಳಹೊರಗು ಮಾಡಿದೆ, ಗಂಟು ಹಾಕಿದೆ, ಒದ್ದೆ ಬಟ್ಟೆಯಿಂದ ನೆಲ ಒಂದು ಸಲ, ಎರಡು, ಮೂರು, ಕೆಲಸದಂಗಿ ಕಳಚಿ ಡಬ್ಬಕ್ಕೆ, ಚಳಿಗೆ ಮೈ ನಡುಗುತ್ತಿದೆ — ಒರೆಸ್ಟ್, ಗಂಟೆ ಆಯ್ತು, ಬೋರ್ಷ್ಟ್ ಸಾರು ತಣ್ಣಗಾಗ್ತಿದೆ — ದನಿ ಇಷ್ಟು ಹತ್ತಿರವೇಕೆ, ಬಾಗಿಲು ತೆರೆದಿದೆ, ಮೆಟ್ಟಿಲು ಕಿರುಗುಟ್ಟುತ್ತಿದೆ, ಒಂದು ವರ್ಷದ ಮೇಲೆ, ಇಳಿಯುತ್ತಿದ್ದಾಳೆ, ಚಪ್ಪಲಿಯೂ ಇಲ್ಲ, ಬರೀ ಬಿಳಿ ಕಾಲುಚೀಲ, ಚಪ್ಪಲಿ ಹಾಕ್ಕೊಂಡು ಬಾ ಅನ್ನಬೇಕು, ಅಷ್ಟರಲ್ಲಿ ಬಿಳಿ ಕಾಲುಚೀಲ ನೆಲ ಮುಟ್ಟಿತು, ಲೇತಿನ ತನಕ ಬಂತು, ಚಕ್ರವನ್ನು ಕೈಗೆತ್ತಿಕೊಂಡು ಅವಳು ನನ್ನ ಹೆಗಲು ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಾಳೆ, ಇನ್ನೊಂದು ಪಾದವನ್ನು ಬಲ್ಬಿನ ಕಡೆಗೆ ತಿರುಗಿಸುತ್ತಾಳೆ, ಇಬ್ಬರೂ ಬಗ್ಗಿ ನೋಡುತ್ತೇವೆ, ಅಂಗಾಲು, ಬಿಳಿ, ಬರೀ ಬಿಳಿ