ಬ್ರಿತೆಸಳ ಕಣ್ಣಿನ ಬಣ್ಣ

ಗೋಂದು ಕುದಿಯುತ್ತಿದೆ, ಮೊಲದ ಚರ್ಮ ಬೆಂದ ನಾತ, ಇನ್ನೊಂದು ಗಳಿಗೆ ಬಿಟ್ಟರೆ ತಳ ಹಿಡಿಯುತ್ತದೆ, ಹಿಡಿಯಲಿ — ಮರದ ತಲೆ ಅಲ್ಲಿ ಮೇಜಿನ ಮೇಲೆ, ಮುಖ ಇಲ್ಲಿ ನನ್ನ ತೊಡೆಯ ಮೇಲೆ, ಕಣ್ಣಿರಬೇಕಾದಲ್ಲಿ ಎರಡು ತೂತು, ಬೆಳಿಗ್ಗೆ ನಾನೇ ಕಿವಿಯ ಮುಂದಿನಿಂದ ಗರಗಸ ಹಾಕಿದೆ, ಗಾಜಿನ ಕಣ್ಣು ಕೂರಿಸಲು ಬೇರೆ ದಾರಿಯಿಲ್ಲ, ಮುಖವನ್ನು ಸಿಪ್ಪೆಯ ಹಾಗೆ ಬಿಡಿಸಬೇಕು, ಹಿಂದಿನಿಂದ ತೋಡಬೇಕು, ಗಾಜನ್ನು ಮೇಣದಲ್ಲಿ ಮೆತ್ತಿ ಮತ್ತೆ ಅಂಟಿಸಬೇಕು, ಎಷ್ಟು ಸಂತರ ಪ್ರತಿಮೆಗೆ ಮಾಡಿಲ್ಲ, ಆದರೆ ಇದು ನನ್ನ ಹೆಂಡತಿ ಬ್ರಿತೆಸಳ ಮುಖ. ವ್ಯಾಕುಲ ಮಾತೆಯ, ಮಗನಿಗಾಗಿ ಅಳುವ ದೇವಮಾತೆಯ, ಪ್ರತಿಮೆ ಬೇಕೆಂದು ಚರ್ಚಿನ ಮಂಡಳಿಯವರು ಹೇಳಿಕಳಿಸಿದ ವಾರವೇ ಅವಳು ಹೆರಿಗೆಯಲ್ಲಿ ಹೋದಳು, ಮಗುವೂ ಉಳಿಯಲಿಲ್ಲ, ಮಣ್ಣು ಮಾಡಿ ಬಂದವನು ಬ್ರೆಜಿಲಿನ ದೇವದಾರು ದಿಮ್ಮಿಗೆ ಉಳಿ ಹಚ್ಚಿದೆ, ಮಾದರಿಯಾಗಿ ಎದುರಿಗೆ ಯಾರೂ ಬೇಕಾಗಲಿಲ್ಲ, ಕೆನ್ನೆಯ ಮೂಳೆ, ಎಡಕ್ಕೆ ತುಸು ವಾಲಿದ ಮೂಗು, ಮೇಲ್ದುಟಿಯ ಹಳೆ ಗಾಯ, ಎಲ್ಲ ಬೆರಳಿಗೆ ಗೊತ್ತಿತ್ತು, ನನ್ನಂಥ ಕೆಲಸಗಾರ ದೋರು ನದಿಯ ಎರಡು ದಡದಲ್ಲೂ ಇಲ್ಲ ಎಂದು ಉಬ್ಬಿದ್ದೆ — ಆಮೇಲೆ ಬಣ್ಣಗಾರ ಪ್ಲಾಸಿದು ಗಾಜಿನ ಕಣ್ಣುಗಳ ಪೆಟ್ಟಿಗೆ ಹಿಡಿದು ಬಂದ, ಏನ್ ಮೇಸ್ತ್ರಿ, ಕಂದೋ ನೀಲಿಯೋ ಬೇಗ ಹೇಳಿ, ಇವತ್ತು ಮುಖ ಅಂಟದೆ ಇದ್ರೆ ಶುಕ್ರವಾರದ ಮೆರವಣಿಗೆಗೆ ನನ್ನ ಬಣ್ಣ ಒಣಗಲ್ಲ, ಮಂಡಳಿಯೋರು ಇಬ್ರನ್ನೂ ಶಿಲುಬೆಗೆ ಹೊಡೀತಾರೆ, ಮರ ಹೇಗೂ ನಿಮ್ಮ ಹತ್ರಾನೇ ಇದೆ. ಎರಡೂ ಗಾಜು ಬೆಳಕಿಗೆ ಹಿಡಿದೆ. ಕಂದೋ. ನೀಲಿಯೋ. ಏಳು ವರ್ಷ ಒಂದೇ ತಟ್ಟೆಯ ರೊಟ್ಟಿ ಮುರಿದವನಿಗೆ ಗೊತ್ತಿಲ್ಲ.

ಬಣ್ಣ ನಮ್ಮಂಥ ಕೆತ್ತನೆಗಾರರ ಕೆಲಸವಲ್ಲ, ಹನ್ನೊಂದನೇ ವಯಸ್ಸಿಗೆ ಪಾದ್ರಿಗಳ ಶಾಲೆ ಬಿಡಿಸಿ ಇಲ್ಲಿ ತಂದು ಹಾಕಿದ ದಿನವೇ ಮುದುಕ ಮೇಸ್ತ್ರಿ ಗೆಣ್ಣಿಗೆ ಬಾರಿಸಿ ಕಲಿಸಿದ್ದು ಅದನ್ನೇ, ಬಣ್ಣ ನೋಡ್ಬೇಡ ಕತ್ತೆ, ಅದು ಬಣ್ಣಗಾರರ ಹೊಟ್ಟೆಪಾಡು, ನೀನು ನೆರಳು ನೋಡು — ಇಪ್ಪತ್ತು ವರ್ಷ ನೆರಳನ್ನೇ ನೋಡಿದೆ, ಅವಳಲ್ಲೂ ನೆರಳನ್ನೇ, ಹಾಳು ವಿದ್ಯೆ, ಬೆಂಕಿ ಬೀಳಲಿ ಅದಕ್ಕೆ, ಉಳಿ ಅಲ್ಲೇ ಎಸೆದು ನದಿ ಕಟ್ಟೆಗೆ ಓಡಿದೆ, ಅವಳ ತಾಯಿ ಜುಸ್ತಿನಾ ಮಾರಾಟಕ್ಕೆ ಭೂತಾಯಿ ಮೀನು ಸೀಳುತ್ತ ಕೂತಿದ್ದಳು, ಅತ್ತೆ, ಬ್ರಿತೆಸ್ ಕಣ್ಣು ಯಾವ ಬಣ್ಣ ಇತ್ತು. ಚಾಕು ನಿಲ್ಲಲಿಲ್ಲ. ಯಾಕೆ, ಅಂದಳು. ಹೇಳಿಬಿಟ್ಟೆ, ಪ್ರತಿಮೆ, ಮುಖ, ಎಲ್ಲ. ಒಂದೇ ಹಾಸ್ಗೇಲಿ ಮಲಗಿದ್ದೋನು ಬಂದು ನನ್ನ ಕೇಳ್ತೀಯಾ. ಮೊಣಕಾಲೂರಿ ಬೇಡ್ಕೋತೀನಿ ಅತ್ತೆ. ಊರು, ಅಲ್ಲಿ ಮೀನಿನ ಕರುಳಿದೆ, ನೋಡ್ಕೊಂಡು ಊರು. ಪಕ್ಕದ ಬುಟ್ಟಿಯವಳು ಕಿಸಕ್ಕೆಂದಳು. ಮಂಡಿ ಊರಿದೆ. ಅವಳ ಮೂಗು ನೀನು ತಗೊಂಡೆ, ತುಟಿ ತಗೊಂಡೆ, ನೀವೆಲ್ಲ ಬೀದಿ ಬೀದಿ ಹೊತ್ಕೊಂಡು ತಿರುಗ್ತೀರಾ ಇನ್ನು ನನ್ನ ಮಗಳನ್ನ, ಕಣ್ಣು ನಾನು ಕೊಡಲ್ಲ, ಅದೊಂದು ನನ್ನ ಹತ್ರ ಇರ್ಲಿ, ಏಳು, ಗಿರಾಕಿ ಬರೋ ಹೊತ್ತು.

ವಾಪಸು ಬಂದು ಕಂದು ಇಟ್ಟು ನೋಡಿದೆ, ಯಾರೋ ಒಬ್ಬಳು. ನೀಲಿ ಇಟ್ಟೆ, ಇನ್ಯಾರೋ. ಎರಡೂ ಸರಿಯಾಗಿ ಕೂರುತ್ತವೆ, ಮರಕ್ಕೆ ನಾಚಿಕೆಯಿಲ್ಲ. ನೀಲಿ ಹಾಕಿ ಮೇಸ್ತ್ರಿ, ಮಂಡಳಿ ಹೆಂಗಸರಿಗೆ ನೀಲಿಯೇ ಇಷ್ಟ, ಹೊರಗಿನಿಂದ ಪ್ಲಾಸಿದು ಕೂಗುತ್ತಾನೆ, ಹಾಕುತ್ತೇನೆ, ಹಾಕಲೇಬೇಕು, ಶುಕ್ರವಾರ ಇಡೀ ಊರು ಆ ಯಾರೋ ಹೆಂಗಸಿಗೆ ಮಂಡಿಯೂರುತ್ತದೆ — ಬಾಗಿಲ ಬಳಿ ಜೋಳದ ಪೆಟ್ಟಿಗೆ, ಅದರ ಮೇಲೆ ಬ್ರಿತೆಸ್ ಕೂತು ಅವರೆಕಾಯಿ ಬಿಡಿಸುತ್ತ ನನ್ನನ್ನು ಕರೆಯುತ್ತಿದ್ದಳು, ದಾಮಿಯಾಂವ್, ಈ ಕಡೆ ನೋಡು ಒಂದ್ ಸಲ, ನಾನು ಅನ್ನುತ್ತಿದ್ದೆ, ಅಲ್ಲಾಡ್ಬೇಡ ಕಣೆ, ಕೆನ್ನೆ ಆ ಕಡೆ ತಿರುಗಿಸು — ಈಗ ನಾನು ಕೂತಿದ್ದೇನೆ ಅಲ್ಲಿ, ಅವಳ ಮುಖವನ್ನು ನನ್ನ ಮುಖಕ್ಕೆ ಹಿಡಿದು, ಮರದ ಒಳಮೈ ಒರಟು, ಕೆನ್ನೆಗೆ ತರಚುತ್ತದೆ, ಇಲ್ಲಿಂದ ಅವಳಿಗೆ ಕಾಣುತ್ತಿದ್ದುದು ಇಷ್ಟು, ಮೇಜು, ಮುಕ್ಕಾಲಿ, ಮುಕ್ಕಾಲಿಯ ಮೇಲೆ ಬಗ್ಗಿದ ನನ್ನ ನೆತ್ತಿ, ಏಳು ವರ್ಷ ಬರೀ ನೆತ್ತಿ, ಈಗ ಅದೂ ಇಲ್ಲ, ಎರಡು ತೂತು, ಆಚೆ ಖಾಲಿ ಮುಕ್ಕಾಲಿ, ಎರಡು ತೂತು